ಕಡಲೆಕಾಯಿಯ ಬೂಷ್ಟೂ ಯಕೃತ್ತಿನ ಅರ್ಬುದವೂ

ಚಿತ್ರದುರ್ಗ, ತುಮಕೂರು, ಬಳ್ಳಾರಿ ಮುಂತಾದ ಜಿಲ್ಲೆಗಳ ಮಳೆಯಾಧಾರದ ಹೊಲಗಳಲ್ಲಿ ಮುಂಗಾರಿನ ಕಡಲೆಕಾಯಿಯನ್ನು ಕೀಳುವುದು ಸಾಮಾನ್ಯವಾಗಿ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ. ಹಿಂಗಾರಿನ ಮಳೆಯು ಬರುವುದೂ ಅದೇ ಕಾಲದಲ್ಲಿಯೇ. ಕಿತ್ತುಹಾಕಿದ ಗಿಡವು ಹೊಲದಲ್ಲಿ ನೆನೆಯುತ್ತದೆ. ನೆನೆದದ್ದನ್ನು ಅವಸರದಿಂದ ಗುಡ್ಡೆ ಹಾಕಿದರೆ ಒಳಗೆ ಕಾವು ಹುಟ್ಟುತ್ತದೆ. ನಾಲ್ಕಾರು ದಿನಗಳ ಮೇಲೆ ಗುಡ್ಡೆಯನ್ನು ಬಿಚ್ಚಿದಾಗ ಕಾಯಿಯ ಮೇಲೆ ಹಳದಿ ಮಿಶ್ರವಾದ ಹಸುರು ಬೂಷ್ಟು ಕಾಣಬರುತ್ತದೆ. ಕಾಯಿಯನ್ನು ಬಿಡಿಸಿ ಒಣಗಿಸಿದ ತರುವಾಯ ತುಂಬಿದ ಕಾಯಿಯು ಮಂಡಿಗೆ ಹೋಗುತ್ತದೆ. ಕಪ್ಪಾದದ್ದು, ಮುರುಟಿದ್ದು, ಹುಳು ಕೊರೆದದ್ದು, ಬೂಷ್ಟು ಹಿಡಿದದ್ದು ಮನೆಯಲ್ಲಿ ಉಳಿಯುತ್ತದೆ. ಉಳಿದದ್ದನ್ನು ಎಸೆಯಲು ಕಷ್ಟಪಟ್ಟು ಬೆಳೆದವರಿಗೆ ಮನಸ್ಸು ಬಾರದು. ಅದು ಚಟ್ನಿಪುಡಿಗೆ, ಹುರಿದು ತಿನ್ನುವುದಕ್ಕೆ, ಕೂಲಿಯಾಳುಗಳಿಗೆ ಕೊಡುವುದಕ್ಕೆ, ಗಾಣಕ್ಕೆ, ಕೊನೆಗೆ ದನಕರುಗಳ ಬಾನಿಗೆ ಸಲ್ಲುತ್ತದೆ.

ಹೀಗೆ ಮನೆಯಲ್ಲಿ ಉಳಿದ ಕಾಯಿಗೂ ಮನುಷ್ಯನ ಯಕೃತ್ತಿನಲ್ಲಿ ಹುಟ್ಟುವ ಅರ್ಬುದಕ್ಕೂ, ಎಂದರೆ ಕ್ಯಾನ್ಸರ್ ರೋಗಕ್ಕೂ, ಸಂಬಂಧವುಂಟೆಂಬುದು ಕಳೆದ ಅರುವತ್ತು ವರ್ಷಗಳಲ್ಲಿ ಸ್ಥಿರಪಟ್ಟಿರುವ ಸಂಗತಿ. ರೋಗದ ವಿಚಾರವು ವೈದ್ಯರಿಗೆ ಸೇರಿದ್ದಾದರೂ, ಅದರ ಒಂದು ಕಾರಣವು ಹೊಲದಲ್ಲಿಯೂ ಕಣದಲ್ಲಿಯೂ ಹುಟ್ಟುವುದರಿಂದ ವ್ಯವಸಾಯಗಾರರು ಇದನ್ನು ತಿಳಿದಿರುವುದು ಅವಶ್ಯಕ.

ವಿಷವು ತಿಳಿದುಬಂದ ಬಗೆ

೧೯೬೦ನೆಯ ಇಸವಿಯಲ್ಲಿ ಇಂಗ್ಲೆಂಡಿನ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಕೆಲವೇ ತಿಂಗಳುಗಳೊಳಗಾಗಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಕೋಳಿಗಳು ಮೇವು ಬಿಟ್ಟು, ರೆಕ್ಕೆ ಜೋಲಿಸಿ, ಒಂದು ವಾರದೊಳಗೆ ಸಾಯುತ್ತಿದ್ದುವು. ಕೊಯ್ದು ನೋಡಿದರೆ ಯಕೃತ್ತು ಕೆಟ್ಟಿರುತ್ತಿತ್ತು. ಯಾವ ಅಂಟುರೋಗವೂ ಕಂಡುಬರಲಿಲ್ಲ. ಹೆಸರೇ ಇಲ್ಲದ್ದರಿಂದ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ವಿಚಾರಣೆ ನಡೆದಂತೆ, ಸತ್ತ ಕೋಳಿಗಳೆಲ್ಲವೂ ತಿಂದದ್ದು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯನ್ನು ಎಂಬುದು ಗೊತ್ತಾಯಿತು. ಆ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದಿದ್ದು, ಅದು ಸುರಿಸಿದ ವಿಷವೇ ಮರಣಕ್ಕೆ ಕಾರಣವಾಗಿತ್ತು. ಬೂಷ್ಟಿನ ಹೆಸರಿನ ಅಕ್ಷರಗಳಿಂದಲೇ ವಿಷಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂದಿತು. ಇದರಲ್ಲಿ ನಾಲ್ಕು ಮುಖ್ಯ ಬಗೆಗಳಿದ್ದು, ಬಿ-೧ ಎಂಬುದು ಎಲ್ಲಕ್ಕಿಂತ ಘೋರವಾದದ್ದು.

ಮನುಷ್ಯರಿಗೂ ಇದರಿಂದ ಮರಣ ಬರಬಲ್ಲದೆಂಬುದಕ್ಕೆ ದೂರದ ದೇಶದ ನಿದರ್ಶನ ಬೇಕಾಗಿಲ್ಲ. ೧೯೭೪ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಅಕಾಲದ ಮಳೆಗೆ ಸಿಕ್ಕಿದ ಮುಸುಕಿನ ಜೋಳವನ್ನು ತಿಂದ ಬಡ ಆದಿವಾಸಿಗಳಲ್ಲಿ ೩೯೭ ಮಂದಿಗೆ ಕಾಮಾಲೆ ಹತ್ತಿ, ಹೊಟ್ಟೆಯಲ್ಲಿ ನೀರು ತುಂಬಿತು. ಅವರಲ್ಲಿ ೧೦೬ ಮಂದಿ ತೀರಿಕೊಂಡರು. ಅವರ ಮನೆಯ ಅದೇ ಊಟವನ್ನು ತಿಂದ ನಾಯಿಗಳೂ ಅದೇ ರೀತಿಯಲ್ಲಿ ಸತ್ತುವು. ೨೦೦೪ರಲ್ಲಿ ಕೀನ್ಯಾ ದೇಶದಲ್ಲಿ ಇಂಥದೇ ಜೋಳದಿಂದ ೩೧೭ ಮಂದಿ ಕಾಯಿಲೆ ಬಿದ್ದು ೧೨೫ ಮಂದಿ ಸತ್ತರು.

ಇವು ವಿಷವು ಒಮ್ಮೆಗೇ ಬಹಳವಾಗಿ ಹೊಟ್ಟೆಗೆ ಸೇರಿದಾಗ ನಡೆಯುವ ಅನಾಹುತಗಳು. ಎಲ್ಲರ ಕಣ್ಣಿಗೂ ಬೀಳುತ್ತವೆ. ಸ್ವಲ್ಪಸ್ವಲ್ಪವಾಗಿ, ವರ್ಷಗಟ್ಟಲೆ ಸೇರಿದರೆ ಆಗುವ ಹಾನಿಯು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಪಂಚದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೮೭ರಲ್ಲಿಯೇ ಅಫ್ಲಟಾಕ್ಸಿನ್ನುಗಳನ್ನು ಮನುಷ್ಯರಲ್ಲಿ ಅರ್ಬುದವನ್ನು ನಿಶ್ಚಯವಾಗಿ ಉಂಟುಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿತು.

ಯಕೃತ್ತು ಮತ್ತು ಅದರ ಅರ್ಬುದ

ಯಕೃತ್ತು ಅಥವಾ ಪಿತ್ತಜನಕಾಂಗವು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ, ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಅಂಗ. ತಿಂದ ಆಹಾರದ ಸಾರವನ್ನು ಹೊತ್ತ ರಕ್ತವು ಕರುಳಿನಿಂದ ಮೊದಲು ಇಲ್ಲಿಗೆ ಬಂದು, ಇಲ್ಲಿ ಶೋಧನೆಯಾಗಿ, ಅನಂತರ ಮಿಕ್ಕ ದೇಹಕ್ಕೆ ಹೋಗುತ್ತದೆ. ಆಹಾರದೊಡನೆ ಸೇರಿದ ವಿಷಗಳ ಹೊಡೆತವೂ ಆದಕಾರಣ ಮೊದಲು ಇದಕ್ಕೇ ತಗಲುತ್ತದೆ. ಇದಕ್ಕೆ ಎರಡು ಕಾಲುವೆಗಳಿಂದ ರಕ್ತ ಬರುವುದೆಂಬ ವಿಶೇಷವನ್ನು ನೆನಪಿನಲ್ಲಿಡಬೇಕು: ಕರುಳಿನಿಂದ ಬರುವ ದ್ವಾರಸಿರೆಯಿಂದ ಸುಮಾರು ಮುಕ್ಕಾಲು ಪಾಲು, ಹೃದಯದ ಕಡೆಯಿಂದ ಬರುವ ಧಮನಿಯಿಂದ ಉಳಿದ ಕಾಲು ಪಾಲು. ರೋಗವನ್ನು ಗುರುತಿಸುವಾಗಲೂ ಚಿಕಿತ್ಸೆ ಮಾಡುವಾಗಲೂ ಈ ಸಂಗತಿಯು ಬಹಳ ಉಪಯೋಗಕ್ಕೆ ಬರುತ್ತದೆ.

ಹೊಟ್ಟೆಯ, ಕರುಳಿನ ಅಥವಾ ಸ್ತನದ ಅರ್ಬುದವು ಹರಡಿ ಯಕೃತ್ತಿಗೆ ಬಂದು ಸೇರುವುದು ಬೇರೆ. ಯಕೃತ್ತಿನಲ್ಲಿಯೇ ಹುಟ್ಟುವ ಪ್ರಾಥಮಿಕ ಅರ್ಬುದವು ಬೇರೆ. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು ಮಾತ್ರ. ಇದರಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚಿನವು ಯಕೃತ್ತಿನ ಸ್ವಂತ ಜೀವಕೋಶಗಳಿಂದ ಹುಟ್ಟತಕ್ಕವು. ಉಳಿದವುಗಳಲ್ಲಿ ಹೆಚ್ಚು ಪಾಲು ಪಿತ್ತನಾಳಗಳಿಂದ ಹುಟ್ಟತಕ್ಕವು. ೨೦೨೨ರಲ್ಲಿ ಪ್ರಪಂಚದಲ್ಲೆಲ್ಲ ಸುಮಾರು ೮,೬೬,೦೦೦ ಮಂದಿಗೆ ಯಕೃತ್ತಿನ ಅರ್ಬುದವು ಹೊಸದಾಗಿ ಕಂಡುಬಂದಿತು. ಅದೇ ವರ್ಷ ಅದರಿಂದ ಸತ್ತವರು ಸುಮಾರು ೭,೫೮,೦೦೦. ಈ ಎರಡು ಸಂಖ್ಯೆಗಳು ಎಷ್ಟು ಹತ್ತಿರವಾಗಿವೆಯೆಂಬುದನ್ನು ನೋಡಿದರೆ ಇದು ಬಹುಪಾಲು ಕೈಮೀರಿದ ಮೇಲೆಯೇ ಗೊತ್ತಾಗುವ ರೋಗವೆಂಬುದು ವಿದಿತವಾಗುತ್ತದೆ.

ಕಾರಣಗಳು

ಬೂಷ್ಟಿನ ವಿಷವೊಂದೇ ಈ ರೋಗಕ್ಕೆ ಕಾರಣವೆಂದು ತಿಳಿಯಬಾರದು. ನಮ್ಮ ದೇಶದಲ್ಲಿ ಅದು ಮೊದಲನೆಯ ಕಾರಣವೂ ಅಲ್ಲ. ಹೆಪಟೈಟಿಸ್ ಬಿ ಎಂಬ ವೈರಸ್ಸೇ ಮೊದಲನೆಯದು. ಅಮೆರಿಕದ ಬರೂಕ್ ಬ್ಲಂಬರ್ಗ್ ಎಂಬ ವಿಜ್ಞಾನಿಯ ೧೯೬೫ರ ಶೋಧದಿಂದ ಇದರ ಗುರುತು ಸಿಕ್ಕಿ, ಅದಕ್ಕಾಗಿ ಆತನಿಗೆ ೧೯೭೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಈ ವೈರಸ್ಸು ದೊಡ್ಡವರಿಗೆ ಸೋಂಕಿದರೆ ನೂರಕ್ಕೆ ತೊಂಬತ್ತೈದು ಮಂದಿಯಲ್ಲಿ ತಾನಾಗಿಯೇ ಹೊರಟುಹೋಗುತ್ತದೆ. ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ಬಂದರೆ ಮಾತ್ರ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಜೀವಮಾನವೆಲ್ಲ ನೆಲೆಯೂರುತ್ತದೆ. ಅಂಥವರು ನೋಡುವುದಕ್ಕೆ ಗಟ್ಟಿಮುಟ್ಟಾಗಿಯೇ ಇದ್ದು, ಮೂವತ್ತು ನಾಲ್ವತ್ತು ವರ್ಷಗಳ ಮೇಲೆ ಯಕೃತ್ತಿನ ಕಾಯಿಲೆಗೆ ಒಳಗಾಗುತ್ತಾರೆ. ೨೦೨೨ರಲ್ಲಿ ಭಾರತದಲ್ಲಿ ಈ ವೈರಸ್ಸನ್ನು ಹೊತ್ತವರು ಸುಮಾರು ಮೂರು ಕೋಟಿ ಮಂದಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಇದು ರಕ್ತದಿಂದ, ದೇಹಸಂಪರ್ಕದಿಂದ, ಶುದ್ಧಿಮಾಡದ ಸೂಜಿಯಿಂದ, ಒಬ್ಬರು ಉಪಯೋಗಿಸಿದ ಕ್ಷೌರದ ಬ್ಲೇಡಿನಿಂದ, ಹಚ್ಚೆ ಹಾಕುವುದರಿಂದ ಹರಡುತ್ತದೆ. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದಲೂ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದಲೂ ಹರಡುವುದಿಲ್ಲ. ವೈರಸ್ಸಿರುವ ಸೊಸೆಗೆ ತಟ್ಟೆ ಲೋಟಗಳನ್ನು ಬೇರೆಯಿಟ್ಟು ಮನೆಯ ಮೂಲೆಯಲ್ಲಿ ಕೂರಿಸುವುದು ಅಜ್ಞಾನವೇ ಹೊರತು ಎಚ್ಚರಿಕೆಯಲ್ಲ.

ಹೆಪಟೈಟಿಸ್ ಸಿ ಎಂಬ ಇನ್ನೊಂದು ವೈರಸ್ಸು, ಬಹುಕಾಲದ ಮದ್ಯಪಾನ, ಸ್ಥೂಲಕಾಯ ಮತ್ತು ಮಧುಮೇಹದೊಡನೆ ಬರುವ ಯಕೃತ್ತಿನ ಕೊಬ್ಬು, ಇವೂ ಕಾರಣಗಳೇ. ಇವುಗಳೆಲ್ಲವೂ ಬಹುಮಟ್ಟಿಗೆ ಒಂದೇ ದಾರಿಯನ್ನು ಹಿಡಿಯುತ್ತವೆ: ಮೆತ್ತಗಿರಬೇಕಾದ ಯಕೃತ್ತು ಗಾಯವಾಗಿ ಮಾಯುವುದು, ಮತ್ತೆ ಗಾಯವಾಗುವುದು ಎಂಬಂತೆ ವರ್ಷಗಟ್ಟಲೆ ನಡೆದು, ಕೊನೆಗೆ ಗಂಟುಗಂಟಾಗಿ ಗಡುಸಾಗುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಅರ್ಬುದವಾದವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಯ ಯಕೃತ್ತು ಅದಕ್ಕೆ ಮುಂಚೆಯೇ ಹೀಗೆ ಗಡುಸಾಗಿರುತ್ತದೆ. ಆದರೆ ಹೆಪಟೈಟಿಸ್ ಬಿ, ಯಕೃತ್ತು ಗಡುಸಾಗುವುದಕ್ಕೆ ಮುಂಚಿತವಾಗಿಯೂ ಅರ್ಬುದವನ್ನು ಉಂಟುಮಾಡಬಲ್ಲದು.

ಬೂಷ್ಟಿನ ವಿಷವು ಈ ಕಾರಣಗಳ ಜೊತೆಗೆ ಹೇಗೆ ಸೇರುತ್ತದೆಂಬುದು ಈಗಿನ ಮುಖ್ಯ ವಿಷಯ. ಚೀನಾ ದೇಶದ ಶಾಂಘೈ ನಗರದಲ್ಲಿ ೧೮,೨೪೪ ಗಂಡಸರ ಮೂತ್ರವನ್ನೂ ರಕ್ತವನ್ನೂ ಸಂಗ್ರಹಿಸಿಟ್ಟು, ಅವರಲ್ಲಿ ಯಾರಿಗೆ ಯಕೃತ್ತಿನ ಅರ್ಬುದವಾಗುತ್ತದೆಂದು ವರ್ಷಗಳ ಕಾಲ ಗಮನಿಸಿದರು. ೧೯೯೪ರಲ್ಲಿ ಪ್ರಕಟವಾದ ಫಲಿತಾಂಶವಿದು: ಎರಡೂ ಇಲ್ಲದವರೊಡನೆ ಹೋಲಿಸಿದರೆ, ಮೂತ್ರದಲ್ಲಿ ಅಫ್ಲಟಾಕ್ಸಿನ್ನಿನ ಗುರುತು ಮಾತ್ರ ಇದ್ದವರಿಗೆ ಅಪಾಯವು ಸುಮಾರು ೩.೪ ಪಾಲು, ಹೆಪಟೈಟಿಸ್ ಬಿ ಮಾತ್ರ ಇದ್ದವರಿಗೆ ೭.೩ ಪಾಲು, ಎರಡೂ ಇದ್ದವರಿಗೆ ೫೯ ಪಾಲು. ಮೂರೂ ಏಳೂ ಸೇರಿದರೆ ಹತ್ತಾಗಬೇಕೆಂಬುದು ಸಾಮಾನ್ಯ ಲೆಕ್ಕ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಂದು ಇನ್ನೊಂದಕ್ಕೆ ಇಂಬುಕೊಟ್ಟು ಬೆಳೆಯುತ್ತದೆ. ತನ್ನ ರಕ್ತದಲ್ಲಿ ವೈರಸ್ಸಿದೆಯೆಂಬುದನ್ನು ಅರಿಯದ ರೈತನು ದಿನವೂ ಬೂಷ್ಟು ಕಾಯಿಯ ಚಟ್ನಿಯನ್ನು ತಿನ್ನುತ್ತಿದ್ದರೆ ಅವನಿಗಿರುವ ಅಪಾಯವೇನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಷವು ಮಾಡುವ ಕೆಲಸವೂ ಗೊತ್ತಾಗಿದೆ. ಯಕೃತ್ತು ಅಫ್ಲಟಾಕ್ಸಿನ್ನನ್ನು ಹೊರಹಾಕಲು ಪ್ರಯತ್ನಿಸುವಾಗ ಅದು ಇನ್ನೂ ಉಗ್ರವಾದ ರೂಪವನ್ನು ತಾಳಿ ಜೀವಕೋಶದ ವಂಶವಾಹಿಗೆ ಅಂಟಿಕೊಳ್ಳುತ್ತದೆ. ಜೀವಕೋಶಗಳು ಅಂಕೆಮೀರಿ ಬೆಳೆಯದಂತೆ ತಡೆಯುವ ಪಿ-೫೩ ಎಂಬ ವಂಶವಾಹಿಯಲ್ಲಿ ಒಂದು ನಿರ್ದಿಷ್ಟ ಸ್ಥಳದಲ್ಲಿಯೇ ಅದು ಕೆಡಕನ್ನು ಮಾಡುತ್ತದೆ. ೧೯೯೧ರಲ್ಲಿ ಚೀನಾದ ಕಿಡಾಂಗ್ ಪ್ರಾಂತದ ಮತ್ತು ದಕ್ಷಿಣ ಆಫ್ರಿಕಾ ಭಾಗದ ರೋಗಿಗಳ ಗಡ್ಡೆಗಳಲ್ಲಿ ಇದೇ ಗುರುತು ಕಂಡುಬಂದಿತು. ಕಿಡಾಂಗಿನ ಜನರು ಹಿಂದೆ ಮುಸುಕಿನ ಜೋಳವನ್ನೇ ಮುಖ್ಯ ಆಹಾರವಾಗಿ ಉಪಯೋಗಿಸುತ್ತಿದ್ದರು. ೧೯೮೦ರ ದಶಕದಿಂದೀಚೆಗೆ ಅಕ್ಕಿಗೆ ತಿರುಗಿದ ಮೇಲೆ, ಲಸಿಕೆಯನ್ನೇ ಪಡೆಯದ ವಯಸ್ಕರಲ್ಲಿಯೂ ಈ ಅರ್ಬುದವು ಗಮನಾರ್ಹವಾಗಿ ಇಳಿಯಿತು.

ಹೊಲದಲ್ಲಿಯೂ ಕಣದಲ್ಲಿಯೂ ಮಾಡತಕ್ಕದ್ದು

ಈ ಬೂಷ್ಟು ಮಣ್ಣಿನಲ್ಲಿಯೇ ವಾಸಮಾಡತಕ್ಕದ್ದು. ಅದನ್ನು ನಿರ್ಮೂಲ ಮಾಡುವುದು ಸಾಧ್ಯವಲ್ಲ. ಕಾಯಿಯೊಳಕ್ಕೆ ಹೋಗಲು ಅದಕ್ಕೆ ಅವಕಾಶ ಸಿಗುವುದು ಎರಡು ಕಾಲಗಳಲ್ಲಿ. ಬೆಳೆಯ ಕೊನೆಯ ನಾಲ್ಕರಿಂದ ಆರು ವಾರಗಳಲ್ಲಿ ಮಳೆ ಹಿಂದೆಗೆದು ನೆಲ ಕಾದಾಗ ಒಂದು. ಕಿತ್ತ ಕಾಯಿ ಒಣಗುವುದು ತಡವಾದಾಗ ಇನ್ನೊಂದು. ಬರದಲ್ಲಿ ಬಾಡಿದ ಗಿಡದ ಕಾಯಿಗೆ ತನ್ನನ್ನು ಕಾಪಾಡಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಗೆದ್ದಲೂ ಗೊಣ್ಣೆಹುಳುವೂ ಸಿಪ್ಪೆಯನ್ನು ಕೊರೆದರೆ ಬಾಗಿಲು ತೆರೆದಂತಾಯಿತು. ನೀರಿನ ಅನುಕೂಲವಿರುವವರು ಕಾಯಿ ಬಲಿಯುವ ಕಾಲಕ್ಕೆ ಒಂದು ನೀರು ಕೊಡುವುದೂ, ಹೂ ಬಿಡುವ ಕಾಲದಲ್ಲಿ ಜಿಪ್ಸಂ ಹಾಕಿ ಸಿಪ್ಪೆಯನ್ನು ಗಟ್ಟಿಮಾಡುವುದೂ ಈ ದೃಷ್ಟಿಯಿಂದಲೂ ಪ್ರಯೋಜನಕಾರಿ.

ಕಾಯಿಯನ್ನು ಹದಕ್ಕೆ ಸರಿಯಾಗಿ ಕೀಳಬೇಕು. ಅಲ್ಲಲ್ಲಿ ಕೆಲವು ಗಿಡಗಳನ್ನು ಕಿತ್ತು ಕಾಯಿ ಒಡೆದು ನೋಡಿದಾಗ, ನಾಲ್ಕರಲ್ಲಿ ಮೂರು ಕಾಯಿಗಳ ಸಿಪ್ಪೆಯ ಒಳಮೈ ಕಂದು ಅಥವಾ ಕಪ್ಪು ತಿರುಗಿದ್ದರೆ ಹದವಾಯಿತೆಂದು ತಿಳಿಯಬೇಕು. ಬೆಲೆ ಏರಲೆಂದು ನೆಲದಲ್ಲಿಯೇ ಬಿಟ್ಟಿರುವುದು ಬೂಷ್ಟಿಗೆ ಆಹ್ವಾನವಿತ್ತಂತೆ. ಕಿತ್ತಾಗ ಕಾಯಿಯಲ್ಲಿ ನೂರಕ್ಕೆ ಮೂವತ್ತೈದರಿಂದ ಐವತ್ತರಷ್ಟು ತೇವವಿರುತ್ತದೆ. ಅದು ಎಂಟಕ್ಕೆ ಇಳಿಯಬೇಕು. ನಡುವಿನ ದಿನಗಳೇ ಅಪಾಯದ ದಿನಗಳು. ಗಿಡಗಳನ್ನು ಬುಡ ಮೇಲಾಗಿ, ಕಾಯಿಗೆ ಗಾಳಿ ಬಿಸಿಲು ತಗಲುವಂತೆ ಸಾಲುಸಾಲಾಗಿ ಮಗುಚಿಡಬೇಕು. ಹಸಿಯಿರುವಾಗ ಗುಡ್ಡೆ ಹಾಕಕೂಡದು. ಬಿಡಿಸಿದ ಕಾಯಿಯನ್ನು ಬರಿಯ ನೆಲದ ಮೇಲೆ ಹರಡದೆ ಚಾಪೆಯ ಮೇಲಾಗಲಿ ತಾಡಪಾಲಿನ ಮೇಲಾಗಲಿ ತೆಳುವಾಗಿ ಹರಡಿ, ದಿನಕ್ಕೆ ಮೂರು ನಾಲ್ಕು ಸಲ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವುದಕ್ಕೆ ಮುಂಚೆ ಮುಚ್ಚಿ, ಬಿಸಿಲೇರಿದ ಮೇಲೆ ತೆರೆಯಬೇಕು. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಬೀಜವು ಗಲಗಲನೆ ಸದ್ದುಮಾಡಬೇಕು. ಬೀಜವನ್ನು ಬೆರಳಿನಲ್ಲಿ ಉಜ್ಜಿದರೆ ಕೆಂಪು ಹೊಟ್ಟು ಬಿಡಬೇಕು.

ಸಿಪ್ಪೆ ಸುಲಿಯುವಾಗ ಬೀಜ ಒಡೆಯದಿರಲೆಂದು ಕಾಯಿಯ ಮೇಲೆ ನೀರು ಚಿಮುಕಿಸುವ ಪದ್ಧತಿಯು ಅನೇಕ ಕಡೆ ಇದೆ. ಕಷ್ಟಪಟ್ಟು ಇಳಿಸಿದ ತೇವವನ್ನು ಪುನಃ ಕರೆದು ತಂದು, ಆ ಬೀಜವನ್ನು ಚೀಲಕ್ಕೆ ತುಂಬುವ ಈ ಕೆಲಸದಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಮಾರುವುದಕ್ಕಾಗಲಿ ತಿನ್ನುವುದಕ್ಕಾಗಲಿ ಕಾಯಿಯನ್ನು ಸಿಪ್ಪೆಸಮೇತವಾಗಿಯೇ ದಾಸ್ತಾನಿಟ್ಟು, ಬೇಕಾದಷ್ಟನ್ನು ಆಗಾಗ ಒಣದಾಗಿಯೇ ಸುಲಿಯುವುದು ಉತ್ತಮ. ಗೋಣಿಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಗಳ ಮೇಲೆ ಒಟ್ಟಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಆರಿಸುವ ಕೆಲಸ. ಈ ವಿಷವು ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ; ಕೆಲವೇ ಬೀಜಗಳಲ್ಲಿ ವಿಪರೀತವಾಗಿದ್ದು, ಮಿಕ್ಕವುಗಳಲ್ಲಿ ಏನೂ ಇಲ್ಲದಿರುವುದು ಸಾಮಾನ್ಯ. ಬಣ್ಣ ಕೆಟ್ಟ, ಸುಕ್ಕುಗಟ್ಟಿದ, ಒಡೆದ, ಹುಳು ತಿಂದ ಬೀಜಗಳಲ್ಲಿಯೇ ಅದರ ಬಹುಪಾಲು ಅಡಗಿರುತ್ತದೆ. ಆದ್ದರಿಂದ ಮೊರದಲ್ಲಿ ಹಾಕಿ ಕೈಯಿಂದ ಆರಿಸಿ ಅಂಥವನ್ನು ತೆಗೆದುಹಾಕಿದರೆ ರಾಶಿಯ ವಿಷವು ಬಹಳಮಟ್ಟಿಗೆ ಕಡಮೆಯಾಗುತ್ತದೆ. ಆದರೆ ತೆಗೆದದ್ದನ್ನು ಮನೆಯ ಚಟ್ನಿಗೆ ಇಟ್ಟುಕೊಂಡರೆ, ಪೇಟೆಯವರ ಪಾಲಿನ ವಿಷವನ್ನೂ ತಾವೇ ತಿಂದಂತಾಯಿತು. ಅದನ್ನು ಸುಡಬೇಕು ಅಥವಾ ಹೂಳಬೇಕು. ಹುರಿದರೆ ಬೇಯಿಸಿದರೆ ವಿಷ ಹೋಗುವುದೆಂಬ ನಂಬಿಕೆಯು ತಪ್ಪು. ಅಡಿಗೆಯ ಬೆಂಕಿಗೆ ಬೂಷ್ಟು ಸಾಯುತ್ತದೆಯೇ ಹೊರತು ವಿಷವು ನಾಶವಾಗುವುದಿಲ್ಲ. ಗಾಣಕ್ಕೆ ಹಾಕಿದರೆ ವಿಷದ ಹೆಚ್ಚು ಭಾಗ ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಭಾಗ ಶುದ್ಧಿಮಾಡದ ಎಣ್ಣೆಯಲ್ಲಿ ಇಳಿಯುತ್ತದೆ. ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿ ಒಂದು ದಿನದೊಳಗೆ ಅದೇ ವಿಷವು ಎಂ-೧ ಎಂಬ ರೂಪದಲ್ಲಿ ಬರುತ್ತದೆ. ಹಿಂಡಿಯನ್ನು ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ನಿಂತುಹೋಗುತ್ತದೆ.

ಇವು ಪುಸ್ತಕದ ಮಾತುಗಳಲ್ಲವೆಂಬುದಕ್ಕೆ ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ನಡೆದ ಒಂದು ಪರೀಕ್ಷೆಯು ಸಾಕ್ಷಿ. ಅಲ್ಲಿ ಕಡಲೆಕಾಯಿ ಬೆಳೆಯುವ ಇಪ್ಪತ್ತು ಹಳ್ಳಿಗಳನ್ನು ಆರಿಸಿ, ಹತ್ತು ಹಳ್ಳಿಗಳಲ್ಲಿ ಕೈಯಿಂದ ಆರಿಸುವುದು, ಚಾಪೆಯ ಮೇಲೆ ಒಣಗಿಸುವುದು, ನಾರಿನ ಚೀಲದಲ್ಲಿ ತುಂಬಿ ಮರದ ಅಟ್ಟಣೆಯ ಮೇಲಿಡುವುದು, ಇಂಥವುಗಳನ್ನು ಕಲಿಸಿದರು. ಉಳಿದ ಹತ್ತರಲ್ಲಿ ಹಳೆಯ ರೀತಿಯೇ ನಡೆಯಿತು. ಕೊಯ್ಲಾದ ಐದು ತಿಂಗಳ ಮೇಲೆ ಜನರ ರಕ್ತವನ್ನು ಪರೀಕ್ಷಿಸಿದಾಗ, ಕಲಿತ ಹಳ್ಳಿಗಳವರಲ್ಲಿ ಅಫ್ಲಟಾಕ್ಸಿನ್ನಿನ ಗುರುತು ಮಿಕ್ಕವರಲ್ಲಿದ್ದುದರ ಅರ್ಧಕ್ಕಿಂತ ಕಡಮೆಯಾಗಿತ್ತು. ೨೦೦೫ರಲ್ಲಿ ಈ ಫಲವು ಪ್ರಕಟವಾಯಿತು. ಉಪಯೋಗಿಸಿದ ಸಾಮಗ್ರಿಗಳಲ್ಲಿ ನಮ್ಮ ಹಳ್ಳಿಗಳಲ್ಲಿ ದೊರೆಯದ್ದು ಒಂದೂ ಇರಲಿಲ್ಲ.

ನಮ್ಮ ದೇಶದ ಆಹಾರ ಕಾನೂನಿನಂತೆ ನೇರವಾಗಿ ತಿನ್ನುವ ಕಡಲೆಬೀಜದಲ್ಲಿ ಕಿಲೋಗ್ರಾಮಿಗೆ ೧೦ ಮೈಕ್ರೋಗ್ರಾಂ, ಸಂಸ್ಕರಣೆಗೆ ಹೋಗುವ ಬೀಜದಲ್ಲಿ ೧೫ ಮೈಕ್ರೋಗ್ರಾಂ ಅಫ್ಲಟಾಕ್ಸಿನ್ನು ಮಿತಿ. ಹದಿನೈದೆಂದರೆ ಒಂದು ಟನ್ನು ಬೀಜದಲ್ಲಿ ನಾಲ್ಕಾರು ಸಾಸಿವೆಕಾಳಿನ ತೂಕ. ಯುರೋಪು ದೇಶಗಳಲ್ಲಿ ತಿನ್ನುವ ಬೀಜಕ್ಕೆ ಮಿತಿಯು ೪ ಮಾತ್ರ. ಪರದೇಶಕ್ಕೆ ಹೋದ ಸರಕು ಹಿಂದಿರುಗಿ ಬರುವುದು ಈ ಕಾರಣದಿಂದಲೇ.

ಲಸಿಕೆ

ವೈರಸ್ಸಿನ ಪಾಲನ್ನು ತಡೆಯುವ ಉಪಾಯವು ಇನ್ನೂ ಸುಲಭ. ತೈವಾನಿನಲ್ಲಿ ೧೯೮೪ರ ಜುಲೈಯಿಂದ ಹುಟ್ಟಿದ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಹಾಕತೊಡಗಿದರು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಅರ್ಬುದವು ಅದಕ್ಕೆ ಮುಂಚೆ ವರ್ಷಕ್ಕೆ ಲಕ್ಷಕ್ಕೆ ೦.೭೦ರಂತೆ ಇದ್ದುದು, ೧೯೯೦ರಿಂದ ೧೯೯೪ರವರೆಗಿನ ಅವಧಿಯಲ್ಲಿ ೦.೩೬ಕ್ಕೆ ಇಳಿಯಿತು. ಅರ್ಬುದವನ್ನು ಲಸಿಕೆಯಿಂದ ತಡೆಯಬಹುದೆಂಬುದಕ್ಕೆ ಪ್ರಪಂಚದಲ್ಲಿ ದೊರೆತ ಮೊದಲನೆಯ ಪ್ರಮಾಣವಿದು. ಭಾರತದಲ್ಲಿ ೨೦೧೧ರಿಂದ ಎಲ್ಲ ರಾಜ್ಯಗಳ ಮಕ್ಕಳ ಲಸಿಕೆಗಳಲ್ಲಿ ಇದು ಸೇರಿದೆ. ಹುಟ್ಟಿದ ೨೪ ಗಂಟೆಗಳೊಳಗೆ ಹಾಕುವ ಮೊದಲನೆಯ ಸೂಜಿಯೇ ತಾಯಿಯಿಂದ ಬರುವ ಸೋಂಕನ್ನು ತಡೆಯತಕ್ಕದ್ದು. ಅನಂತರ ೬, ೧೦ ಮತ್ತು ೧೪ನೆಯ ವಾರಗಳಲ್ಲಿ ಪಂಚರೋಗ ಲಸಿಕೆಯೊಡನೆ ಇದನ್ನು ಕೊಡುತ್ತಾರೆ. ಹೆರಿಗೆ ಮನೆಯಲ್ಲಿ ಆಯಿತೆಂಬ ಕಾರಣದಿಂದ ಮೊದಲನೆಯ ಸೂಜಿಯು ತಪ್ಪಿಹೋಗುವುದೇ ಈಗ ಉಳಿದಿರುವ ದೊಡ್ಡ ಲೋಪ.

ರೋಗವನ್ನು ಗುರುತಿಸುವುದು

ಯಕೃತ್ತಿನೊಳಗೆ ನೋವನ್ನು ತಿಳಿಸುವ ನರಗಳಿಲ್ಲ. ಹೊದಿಕೆಯು ಹಿಗ್ಗಿದಾಗ ಮಾತ್ರ ನೋವು. ಹೀಗಾಗಿ ಗಡ್ಡೆಯು ಬಹಳ ದೊಡ್ಡದಾಗುವವರೆಗೂ ಮನುಷ್ಯನು ಎಂದಿನಂತೆ ಉಳುತ್ತಾ ಬಿತ್ತುತ್ತಾ ಇರುತ್ತಾನೆ. ಬಲಗಡೆಯ ಪಕ್ಕೆಯಲ್ಲಿ ಭಾರ, ಊಟ ಸೇರದಿರುವುದು, ತೂಕ ಇಳಿಯುವುದು, ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವ ಜಲೋದರ, ಇವು ಕಾಣಿಸಿಕೊಂಡಾಗ ಬಹುಮಟ್ಟಿಗೆ ಕಾಲವು ಮೀರಿರುತ್ತದೆ. ಕಾಮಾಲೆಗೆ ಊರಿನಲ್ಲಿ ಔಷಧಿ ಕೊಡುವವರು ಎಲ್ಲೆಲ್ಲಿಯೂ ಇದ್ದಾರೆ. ಕಣ್ಣಿನ ಹಳದಿ ಹೋದ ಮಾತ್ರಕ್ಕೆ ವೈರಸ್ಸು ಹೋಯಿತೆಂದು ಹೇಳುವುದಕ್ಕಾಗದು. ರಕ್ತಪರೀಕ್ಷೆಯಿಂದ ಮಾತ್ರ ಅದು ತಿಳಿಯುತ್ತದೆ. ೨೦೧೮ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಈ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವಂತೆ ಏರ್ಪಾಡಾಗಿದೆ.

ಆದ್ದರಿಂದ ರೋಗಲಕ್ಷಣಕ್ಕಾಗಿ ಕಾಯದೆ, ಅಪಾಯವಿರುವವರನ್ನು ಮುಂಚಿತವಾಗಿಯೇ ನೋಡುತ್ತಿರಬೇಕು. ಯಾವ ಕಾರಣದಿಂದಲೇ ಆಗಲಿ ಯಕೃತ್ತು ಗಡುಸಾದವರು, ಹೆಪಟೈಟಿಸ್ ಬಿ ಇರುವ ನಲವತ್ತು ದಾಟಿದ ಗಂಡಸರು, ಐವತ್ತು ದಾಟಿದ ಹೆಂಗಸರು, ಮನೆತನದಲ್ಲಿ ಈ ಅರ್ಬುದವಿದ್ದವರು, ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆಯನ್ನೂ ರಕ್ತದಲ್ಲಿ ಆಲ್ಫಾ ಫೀಟೊಪ್ರೋಟೀನ್ ಎಂಬ ಪದಾರ್ಥದ ಪರೀಕ್ಷೆಯನ್ನೂ ಮಾಡಿಸತಕ್ಕದ್ದು. ಈ ಗಡ್ಡೆಯು ಎರಡರಷ್ಟಾಗಲು ಸಾಧಾರಣವಾಗಿ ಕೆಲವು ತಿಂಗಳು ಹಿಡಿಯುವುದರಿಂದ ಆರು ತಿಂಗಳ ಅವಧಿಯನ್ನು ಗೊತ್ತುಮಾಡಿದ್ದಾರೆ. ಶಾಂಘೈಯಲ್ಲಿ ವೈರಸ್ಸು ಅಥವಾ ದೀರ್ಘಕಾಲದ ಯಕೃತ್ತಿನ ಕಾಯಿಲೆಯಿದ್ದ ೧೮,೮೧೬ ಮಂದಿಯನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಈ ಎರಡು ಪರೀಕ್ಷೆಗಳನ್ನು ಆರು ತಿಂಗಳಿಗೊಮ್ಮೆ ಮಾಡಿದಾಗ, ಆ ಪಂಗಡದಲ್ಲಿ ಈ ಅರ್ಬುದದಿಂದಾಗುವ ಸಾವುಗಳು ನೂರಕ್ಕೆ ೩೭ರಷ್ಟು ಕಡಮೆಯಾದುವೆಂದು ೨೦೦೪ರಲ್ಲಿ ತಿಳಿದುಬಂದಿತು. ಕರೆದವರೆಲ್ಲರೂ ಪ್ರತಿಸಲವೂ ಬರಲಿಲ್ಲ. ಆದರೂ ಇಷ್ಟು ಫಲ.

ಅಲ್ಟ್ರಾಸೌಂಡಿನಲ್ಲಿ ಗಂಟು ಕಂಡರೆ ಸಿ.ಟಿ. ಅಥವಾ ಎಂ.ಆರ್.ಐ. ಯಂತ್ರದಲ್ಲಿ ರಕ್ತನಾಳಕ್ಕೆ ಬಣ್ಣದಂಥ ಔಷಧಿಯನ್ನು ಹಾಕಿ ನೋಡುತ್ತಾರೆ. ಹಿಂದೆ ಹೇಳಿದ ಎರಡು ಕಾಲುವೆಗಳ ಉಪಯೋಗವು ಇಲ್ಲಿಯೇ. ಗಡ್ಡೆಯು ಹೆಚ್ಚಾಗಿ ಧಮನಿಯ ರಕ್ತವನ್ನೇ ಕುಡಿದು ಬೆಳೆಯುತ್ತದೆ. ಒಳ್ಳೆಯ ಯಕೃತ್ತು ದ್ವಾರಸಿರೆಯ ರಕ್ತವನ್ನು. ಔಷಧಿಯು ಮೊದಲು ಧಮನಿಯಿಂದ ಬಂದಾಗ ಗಡ್ಡೆಯು ಹೊಳೆಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಸುತ್ತಲಿನ ಯಕೃತ್ತು ಹೊಳೆಯುತ್ತಿರುವಾಗ ಗಡ್ಡೆಯು ಮಂಕಾಗುತ್ತದೆ. ಗಡುಸಾದ ಯಕೃತ್ತಿನಲ್ಲಿ ಈ ಎರಡು ಗುರುತುಗಳು ಸ್ಪಷ್ಟವಾಗಿದ್ದರೆ, ಸೂಜಿಯಿಂದ ಚೂರು ತೆಗೆದು ನೋಡುವ ಅವಶ್ಯಕತೆಯು ಬಹುಮಟ್ಟಿಗೆ ಇರುವುದಿಲ್ಲ.

ಚಿಕಿತ್ಸೆ

ಯಾವ ಚಿಕಿತ್ಸೆಯೆಂಬುದು ಗಡ್ಡೆಯ ಗಾತ್ರದಿಂದ ಮಾತ್ರವೇ ನಿರ್ಣಯವಾಗುವುದಿಲ್ಲ. ಉಳಿದ ಯಕೃತ್ತಿಗೆ ಎಷ್ಟು ಶಕ್ತಿಯಿದೆಯೆಂಬುದೂ ಅಷ್ಟೇ ಮುಖ್ಯ. ಆರೋಗ್ಯವಂತ ಯಕೃತ್ತಿನಲ್ಲಿ ಮೂರರಲ್ಲಿ ಎರಡು ಭಾಗವನ್ನು ಕತ್ತರಿಸಿದರೂ ಉಳಿದದ್ದು ಮತ್ತೆ ಬೆಳೆಯುತ್ತದೆ. ಗಡುಸಾದದ್ದು ಹಾಗೆ ಬೆಳೆಯಲಾರದು. ಗಡ್ಡೆಯು ಚಿಕ್ಕದಾಗಿದ್ದು ಯಕೃತ್ತು ಚೆನ್ನಾಗಿದ್ದರೆ ಶಸ್ತ್ರಕ್ರಿಯೆಯಿಂದ ಆ ಭಾಗವನ್ನು ತೆಗೆಯುತ್ತಾರೆ. ಸುಮಾರು ಮೂರು ಸೆಂಟಿಮೀಟರಿನ ಒಳಗಿನ ಗಡ್ಡೆಯನ್ನು ಚರ್ಮದ ಮೂಲಕ ಸೂಜಿ ತ

ೂರಿಸಿ ವಿದ್ಯುತ್ತಿನ ಕಾವಿನಿಂದ ಸುಡುವುದೂ ಉಂಟು. ಯಕೃತ್ತೇ ಕೆಟ್ಟಿದ್ದರೆ ಅದನ್ನು ತೆಗೆದು ಬೇರೊಬ್ಬರದನ್ನು ಕೂಡಿಸುವುದು ಉತ್ತಮವಾದ ಮಾರ್ಗ. ಗಡ್ಡೆಯೂ ಅದಕ್ಕೆ ಕಾರಣವಾದ ಗಡುಸು ಯಕೃತ್ತೂ ಒಟ್ಟಿಗೆ ಹೋಗುತ್ತವೆ. ಒಂದೇ ಗಡ್ಡೆಯಾದರೆ ಐದು ಸೆಂಟಿಮೀಟರನ್ನು ಮೀರದೆ, ಮೂರರವರೆಗಿದ್ದರೆ ಒಂದೊಂದೂ ಮೂರು ಸೆಂಟಿಮೀಟರನ್ನು ಮೀರದೆ ಇದ್ದಲ್ಲಿ ಈ ಕ್ರಮವು ಸಫಲವಾಗುವುದೆಂದು ಇಟಲಿಯ ಮಿಲಾನ್ ನಗರದ ವೈದ್ಯರು ೧೯೯೬ರಲ್ಲಿ ತೋರಿಸಿದರು. ಅಂಥ ರೋಗಿಗಳಲ್ಲಿ ನೂರಕ್ಕೆ ೭೫ ಮಂದಿ ನಾಲ್ಕು ವರ್ಷಗಳ ಮೇಲೂ ಬದುಕಿದ್ದರು. ದಾನಿಯು ಬದುಕಿರುವಾಗಲೇ ತನ್ನ ಯಕೃತ್ತಿನ ಒಂದು ಭಾಗವನ್ನು ಕೊಡಬಹುದು.

ಈ ಮಿತಿಯನ್ನು ದಾಟಿದ ಗಡ್ಡೆಗೆ, ಅದನ್ನು ಪೋಷಿಸುವ ಧಮನಿಯೊಳಕ್ಕೆ ಸಣ್ಣ ನಳಿಗೆಯನ್ನು ತೂರಿಸಿ, ಔಷಧಿಯನ್ನು ಬಿಟ್ಟು, ತೂಬನ್ನು ಮುಚ್ಚುವಂತೆ ರಕ್ತದ ಹರಿವನ್ನು ಕಟ್ಟುತ್ತಾರೆ. ದ್ವಾರಸಿರೆಯು ತೆರೆದಿರುವುದರಿಂದ ಮಿಕ್ಕ ಯಕೃತ್ತು ಬದುಕಿರುತ್ತದೆ. ಇದರಿಂದ ರೋಗವು ಪೂರ್ತಿ ಹೋಗದಿದ್ದರೂ ಆಯುಷ್ಯವು ಹೆಚ್ಚುತ್ತದೆ.

ರಕ್ತನಾಳಕ್ಕೆ ನುಗ್ಗಿದ ಅಥವಾ ಹೊರಗೆ ಹರಡಿದ ಅರ್ಬುದಕ್ಕೆ ೨೦೦೭ರವರೆಗೆ ಹೇಳಿಕೊಳ್ಳತಕ್ಕ ಔಷಧಿಯೇ ಇರಲಿಲ್ಲ. ಆಗ ಬಂದ ಸೊರಾಫೆನಿಬ್ ಎಂಬ ಮಾತ್ರೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಸುಮಾರು ೨,೮೦,೦೦೦ ರೂಪಾಯಿ ಬೆಲೆಯಿತ್ತು. ೨೦೧೨ರ ಮಾರ್ಚಿಯಲ್ಲಿ ಭಾರತದ ಪೇಟೆಂಟ್ ಅಧಿಕಾರಿಯು ಹೈದರಾಬಾದಿನ ಒಂದು ಕಂಪನಿಗೆ ಕಡ್ಡಾಯ ಲೈಸೆನ್ಸನ್ನು ಕೊಟ್ಟು, ಅದನ್ನು ೮,೮೮೦ ರೂಪಾಯಿಗೆ ಮೀರದಂತೆ ಮಾರಲು ವಿಧಿಸಿದನು. ಈ ದೇಶದಲ್ಲಿ ಅಂಥ ಲೈಸೆನ್ಸು ಕೊಟ್ಟದ್ದು ಅದೇ ಮೊದಲು. ೨೦೨೦ರಿಂದೀಚೆಗೆ ದೇಹದ ರಕ್ಷಣಾಶಕ್ತಿಯನ್ನೇ ಅರ್ಬುದದ ಮೇಲೆ ತಿರುಗಿಸುವ ಅಟಿಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಎಂಬ ಸೂಜಿಮದ್ದುಗಳ ಜೋಡಿಯು ಮೊದಲಿನ ಮಾತ್ರೆಗಿಂತ ಹೆಚ್ಚು ಫಲಕಾರಿಯಾಗಿದೆಯೆಂದು ತಿಳಿದಿದ್ದರೂ ಅದರ ಬೆಲೆಯು ಸಾಮಾನ್ಯ ರೈತನಿಗೆ ನಿಲುಕತಕ್ಕದ್ದಲ್ಲ.

ಚಿಕಿತ್ಸೆ ನಡೆಯುತ್ತಿರುವಾಗ ರೋಗಿಯು ಮದ್ಯವನ್ನು ಪೂರ್ತಿ ಬಿಡಬೇಕು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಸಿಗುವ ಐಬುಪ್ರೊಫೆನ್, ಡೈಕ್ಲೊಫಿನಾಕ್ ಮುಂತಾದ ಮಾತ್ರೆಗಳು ಗಡುಸಾದ ಯಕೃತ್ತಿನವರಿಗೆ ರಕ್ತಸ್ರಾವವನ್ನೂ ಮೂತ್ರಪಿಂಡದ ಕೇಡನ್ನೂ ತರಬಹುದಾದ್ದರಿಂದ ವೈದ್ಯರನ್ನು ಕೇಳದೆ ನುಂಗಬಾರದು. ಬಾಡಿ ತಿಂದರೆ ಕೆಡುವುದೆಂದು, ಬೇಳೆ ಮೊಟ್ಟೆ ಕೂಡದೆಂದು ರೋಗಿಯನ್ನು ಗಂಜಿಯಲ್ಲಿಯೇ ಇಡುವ ಪಥ್ಯವು ಅವನ ಮಾಂಸಖಂಡಗಳನ್ನು ಕರಗಿಸಿ ಇನ್ನಷ್ಟು ಬಲಹೀನನನ್ನಾಗಿ ಮಾಡುತ್ತದೆ. ಗುಣವಾಗುವ ಹಂತವನ್ನು ದಾಟಿದವರಿಗೆ ಹೊಟ್ಟೆಯ ನೀರನ್ನು ತೆಗೆಯುವುದೂ ನೋವನ್ನು ಶಮನಮಾಡುವುದೂ ಚಿಕಿತ್ಸೆಯೇ; ಅದನ್ನು ಕೇಳಿ ಪಡೆಯಬೇಕು.

ಮನೆಯಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಕಂಡುಬಂದರೆ ಒಡಹುಟ್ಟಿದವರು, ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲರೂ ರಕ್ತವನ್ನು ಪರೀಕ್ಷೆ ಮಾಡಿಸತಕ್ಕದ್ದು. ವೈರಸ್ಸಿಲ್ಲದ ದೊಡ್ಡವರು ಮೊದಲ ದಿನ, ಒಂದು ತಿಂಗಳ ಮೇಲೆ ಮತ್ತು ಆರನೆಯ ತಿಂಗಳಿನಲ್ಲಿ ಹೀಗೆ ಮೂರು ಸಲ ಲಸಿಕೆಯನ್ನು ಹಾಕಿಸಿಕೊಳ್ಳಬಹುದು. ವೈರಸ್ಸಿರುವವರಲ್ಲಿ ಯಾರಿಗೆ ಮಾತ್ರೆ ಅವಶ್ಯಕ, ಯಾರನ್ನು ನೋಡುತ್ತಿದ್ದರೆ ಸಾಕು ಎಂಬುದನ್ನು ವೈದ್ಯರು ಗೊತ್ತುಮಾಡುತ್ತಾರೆ. ಮಾತ್ರೆಯನ್ನು ಆರಂಭಿಸಿದ ಮೇಲೆ ಅವರ ಅಪ್ಪಣೆಯಿಲ್ಲದೆ ನಿಲ್ಲಿಸಿದರೆ ವೈರಸ್ಸು ಒಮ್ಮೆಲೇ ಕೆರಳುವುದುಂಟು.